ಜಮಖಂಡಿಯ ಬಿ.ಡಿ. ಜತ್ತಿ ರಾಷ್ಟ್ರಪತಿ ಆಗಿದ್ದರಾ? ತುರ್ತು ಪರಿಸ್ಥಿತಿ ತೆಗೆದವರು ಅವರೇನಾ? ಫಾರ್ವರ್ಡ್‌ಗಳ ಹಿಂದಿನ ನಿಜ

ನಮ್ಮ ಮನೆಯವರ ವಾಟ್ಸಾಪ್ ಗ್ರೂಪ್‌ಗೆ ಪ್ರತಿ ಸೆಪ್ಟೆಂಬರ್‌ನಲ್ಲಿ ಒಂದು ಫೋಟೋ ತಪ್ಪದೇ ಬರುತ್ತದೆ. ಗಾಂಧಿ ಟೋಪಿ, ಬಿಳಿ ಬಟ್ಟೆ, ಶಾಂತವಾದ ಮುಖ. ಕೆಳಗೆ ದಪ್ಪ ಅಕ್ಷರಗಳಲ್ಲಿ ಒಂದು ಬರಹ. ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಹುಟ್ಟಿದ ಕನ್ನಡಿಗರೊಬ್ಬರು ಭಾರತದ ಆರನೇ ರಾಷ್ಟ್ರಪತಿ ಆಗಿದ್ದರು, ತುರ್ತು ಪರಿಸ್ಥಿತಿಯನ್ನು ಒಂದೇ ಸಹಿಯಲ್ಲಿ ಕಿತ್ತೆಸೆದರು, ಇಂಥವರನ್ನು ನಾವೇ ಮರೆತಿದ್ದೇವೆ, ನಿಜವಾದ ಕನ್ನಡಿಗರಾದರೆ ಶೇರ್ ಮಾಡಿ ಅಂತ.

ಕಾಕಾ ಹಾಕುತ್ತಾರೆ, ಎಲ್ಲರೂ ಕೈಮುಗಿಯುವ ಇಮೋಜಿ ಒತ್ತುತ್ತಾರೆ. ಕಳೆದ ಬಾರಿ ಮಾತ್ರ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ತಂಗಿಯೊಬ್ಬಳು ಸುಮ್ಮನಿರಲಿಲ್ಲ. ಪುಸ್ತಕದ ರಾಷ್ಟ್ರಪತಿಗಳ ಪಟ್ಟಿಯಲ್ಲಿ ಆರನೆಯವರು ನೀಲಂ ಸಂಜೀವ ರೆಡ್ಡಿ ಅಂತ ಇದೆಯಲ್ಲ ಕಾಕಾ ಎಂದು ಕೇಳಿದಳು. ಅದೇ ಸಂಜೆ ಇನ್ನೊಬ್ಬರು ತದ್ವಿರುದ್ಧವಾದ ಪೋಸ್ಟ್ ತಂದು ಹಾಕಿದರು. ಅದರ ಪ್ರಕಾರ ತುರ್ತು ಪರಿಸ್ಥಿತಿಗೆ ಸಹಿ ಹಾಕಿದವರೇ ಜತ್ತಿ! ಗ್ರೂಪ್‌ನಲ್ಲಿ ಜಗಳ ಶುರುವಾಯಿತು.

ಈ ಎರಡೂ ಪೋಸ್ಟ್‌ಗಳು ತಪ್ಪು. ಆದರೆ ಬಿ.ಡಿ. ಜತ್ತಿಯವರ ನಿಜವಾದ ಕಥೆ ಈ ಎರಡಕ್ಕಿಂತ ಸ್ವಾರಸ್ಯವಾಗಿದೆ. ಒಂದೊಂದಾಗಿ ನೋಡೋಣ.

ಮೊದಲು ಹೆಸರು ಸರಿಮಾಡಿಕೊಳ್ಳೋಣ

ಕೆಲವು ಫಾರ್ವರ್ಡ್‌ಗಳಲ್ಲಿ ಇವರ ಹೆಸರು ಜಟ್ಟಿ ಎಂದಿರುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಮತ್ತೆ ಕನ್ನಡಕ್ಕೆ ತಂದಾಗ ಆಗುವ ಎಡವಟ್ಟು ಇದು. ಜಟ್ಟಿ ಅಂದರೆ ಪೈಲ್ವಾನ. ಇವರು ಬಸಪ್ಪ ದಾನಪ್ಪ ಜತ್ತಿ. ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು, ಸಾವಳಗಿಯಲ್ಲಿ. ಮನೆಯಲ್ಲಿ ಸಣ್ಣ ಕಿರಾಣಿ ವ್ಯಾಪಾರ. ಆ ಕಾಲದ ರೂಢಿಯಂತೆ ಬಾಲ್ಯದಲ್ಲೇ ಸಂಗಮ್ಮ ಅವರೊಂದಿಗೆ ಮದುವೆಯೂ ಆಗಿಹೋಯಿತು.

ಇಂದಿನ ನಕ್ಷೆ ಇಟ್ಟುಕೊಂಡು ಆ ಕಾಲವನ್ನು ಊಹಿಸಿಕೊಂಡರೆ ದಾರಿ ತಪ್ಪುತ್ತದೆ. ಆಗ ಜಮಖಂಡಿ ಪಟವರ್ಧನ ಮನೆತನದವರು ಆಳುತ್ತಿದ್ದ ಒಂದು ಸಂಸ್ಥಾನ. ಪಕ್ಕದ ಮುಧೋಳ ಘೋರ್ಪಡೆಯವರ ಸಂಸ್ಥಾನ. ಬೀಳಗಿ ನೇರ ಬ್ರಿಟಿಷರ ಆಡಳಿತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಈಗ ನಾವು ಒಂದೇ ಉಸಿರಿನಲ್ಲಿ ಹೇಳುವ ರಬಕವಿ-ಬನಹಟ್ಟಿಯಲ್ಲಿ ಬನಹಟ್ಟಿ ಜಮಖಂಡಿಯವರದು, ರಬಕವಿ ಸಾಂಗಲಿಯವರದು. ಒಂದು ದಿನದ ಸೈಕಲ್ ದಾರಿಯಲ್ಲಿ ಮೂರು ನಾಲ್ಕು ಸರ್ಕಾರಗಳು ಬರುತ್ತಿದ್ದವು.

ಕಾಲೇಜು ಓದಬೇಕೆಂದರೆ ಇಲ್ಲಿನ ಹುಡುಗರು ಕೊಲ್ಲಾಪುರದ ಕಡೆ ನೋಡಬೇಕಿತ್ತು. ಜತ್ತಿಯವರೂ ಅಲ್ಲಿಗೇ ಹೋದರು. ರಾಜಾರಾಮ್ ಕಾಲೇಜಿನಲ್ಲಿ ಪದವಿ, ಸೈಕ್ಸ್ ಲಾ ಕಾಲೇಜಿನಲ್ಲಿ ಕಾನೂನು. ಮುಗಿಸಿ ಊರಿಗೆ ಬಂದು ಜಮಖಂಡಿಯಲ್ಲಿ ವಕೀಲಿ ಶುರು ಮಾಡಿದರು.

ಪುರಸಭೆಯಿಂದ ದಿವಾನಗಿರಿವರೆಗೆ

ರಾಜಕೀಯದಲ್ಲಿ ಅವರ ಮೊದಲ ಮೆಟ್ಟಿಲು ಜಮಖಂಡಿ ಪುರಸಭೆ. 1940ರಲ್ಲಿ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ಬಳಿಕ ಸಂಸ್ಥಾನದ ಶಾಸನಸಭೆಗೆ ಆಯ್ಕೆಯಾಗಿ ಮಂತ್ರಿಯಾದರು. 1948ರ ಹೊತ್ತಿಗೆ ಸಂಸ್ಥಾನದ ದಿವಾನರು, ಅಂದರೆ ಇಂದಿನ ಲೆಕ್ಕದಲ್ಲಿ ಮುಖ್ಯಮಂತ್ರಿಯ ಜಾಗ.

ಆದರೆ ಆ ಕುರ್ಚಿ ಬಹಳ ದಿನ ಉಳಿಯುವಂಥದ್ದಾಗಿರಲಿಲ್ಲ. ದೇಶ ಸ್ವತಂತ್ರವಾಗಿತ್ತು. ಸಂಸ್ಥಾನಗಳು ಒಂದೊಂದಾಗಿ ಒಕ್ಕೂಟ ಸೇರುತ್ತಿದ್ದವು. ದೊರೆ ಶಂಕರರಾವ್ ಪಟವರ್ಧನ ಅವರ ಒಪ್ಪಿಗೆಯೊಂದಿಗೆ 1948ರ ಮಾರ್ಚ್ 8ರಂದು ಜಮಖಂಡಿ ಸಂಸ್ಥಾನ ವಿಲೀನವಾಗಿ ಮುಂಬಯಿ ಪ್ರಾಂತ್ಯದ ಭಾಗವಾಯಿತು. ಸಂಸ್ಥಾನವೇ ಇಲ್ಲವೆಂದ ಮೇಲೆ ದಿವಾನರೆಲ್ಲಿ? ಜತ್ತಿಯವರು ಮತ್ತೆ ಕರಿಕೋಟು ಹಾಕಿಕೊಂಡು ವಕೀಲಿಗೆ ಮರಳಿದರು.

ಸುಮಾರು 20 ತಿಂಗಳ ಬಳಿಕ ಮುಂಬಯಿಯಿಂದ ಕರೆ ಬಂತು. ವಿಲೀನವಾದ ಪ್ರದೇಶದ ಪ್ರತಿನಿಧಿಯಾಗಿ ಅವರನ್ನು ಮುಂಬಯಿ ವಿಧಾನಸಭೆಗೆ ನಾಮಕರಣ ಮಾಡಲಾಯಿತು. ಒಂದೇ ವಾರದಲ್ಲಿ ಮುಖ್ಯಮಂತ್ರಿ ಬಿ.ಜಿ. ಖೇರ್ ಅವರ ಸಂಸದೀಯ ಕಾರ್ಯದರ್ಶಿಯೂ ಆದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯ ನಂತರ ಮುಂಬಯಿಯಲ್ಲಿ ಮೊರಾರ್ಜಿ ದೇಸಾಯಿ ಮುಖ್ಯಮಂತ್ರಿಯಾದಾಗ ಜತ್ತಿಯವರಿಗೆ ಸಿಕ್ಕಿದ್ದು ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ ಸ್ಥಾನ.

ಮೊರಾರ್ಜಿ ಮುಖ್ಯಮಂತ್ರಿ, ಜತ್ತಿ ಅವರ ಕೈಕೆಳಗಿನ ಉಪಮಂತ್ರಿ. ಇದನ್ನು ನೆನಪಿನಲ್ಲಿಡಿ. 25 ವರ್ಷಗಳ ಬಳಿಕ ಇದೇ ಇಬ್ಬರು ದೆಹಲಿಯಲ್ಲಿ ಎದುರುಬದುರಾಗುತ್ತಾರೆ.

ಹೇಳಿಕೆ: ಏಕೀಕರಣದ ನಂತರದ ಮೊದಲ ಮುಖ್ಯಮಂತ್ರಿ ಜತ್ತಿ

ಇದು ತಪ್ಪು. 1956ರ ನವೆಂಬರ್ 1ರಂದು ಕನ್ನಡ ಮಾತಾಡುವ ಪ್ರದೇಶಗಳು ಒಂದಾದಾಗ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪ. ಜತ್ತಿಯವರು 1957ರ ಚುನಾವಣೆಯಲ್ಲಿ ಜಮಖಂಡಿಯಿಂದ ಶಾಸಕರಾದರು. ಕಾಂಗ್ರೆಸ್ಸಿನ ಒಳಜಗಳದಿಂದ 1958ರಲ್ಲಿ ನಿಜಲಿಂಗಪ್ಪ ರಾಜೀನಾಮೆ ಕೊಟ್ಟಾಗ ಪಕ್ಷದ ಹಿರಿಯರನ್ನು ದಾಟಿ ಜತ್ತಿ ನಾಯಕರಾಗಿ ಆಯ್ಕೆಯಾದರು. 1958ರ ಮೇ 16ರಿಂದ 1962ರ ಮಾರ್ಚ್‌ವರೆಗೆ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿದ್ದು 1973ರಲ್ಲಿ. ಹಾಗಾಗಿ ಅವರ ಹುದ್ದೆಯ ಅಧಿಕೃತ ಹೆಸರಲ್ಲಿ ಕರ್ನಾಟಕ ಇರಲಿಲ್ಲ.

ಈ ನಾಲ್ಕು ವರ್ಷಗಳಲ್ಲಿ ನಮ್ಮ ಹಳ್ಳಿಗಳನ್ನು ಮುಟ್ಟಿದ ಎರಡು ಕಾನೂನುಗಳು ಬಂದವು.

ಒಂದು, 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ. ಹೊಸ ರಾಜ್ಯದಲ್ಲಿ ಮುಂಬಯಿ ಪ್ರಾಂತ್ಯ, ಹೈದರಾಬಾದ್, ಮದ್ರಾಸ್, ಕೊಡಗು, ಹಳೆ ಮೈಸೂರು ಎಂದು ಒಂದೊಂದು ಕಡೆ ಒಂದೊಂದು ಪಂಚಾಯಿತಿ ಪದ್ಧತಿ ಇತ್ತು. ಈ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಪದ್ಧತಿ ತಂದಿತು. ಹಿರಿಯರು ಈಗಲೂ ನೆನಪಿಸಿಕೊಳ್ಳುವ ತಾಲೂಕು ಬೋರ್ಡ್ ಹುಟ್ಟಿದ್ದು ಇದರಿಂದಲೇ.

ಎರಡು, 1961ರ ಭೂ ಸುಧಾರಣಾ ಕಾಯ್ದೆ. ಇದರ ಹಿಂದೆ ಜತ್ತಿಯವರು ಮುಖ್ಯಮಂತ್ರಿಯಾಗುವ ಮೊದಲೇ ಅಧ್ಯಕ್ಷರಾಗಿದ್ದ ಒಂದು ಸಮಿತಿಯ ಕೆಲಸ ಇತ್ತು. ಜನ ಅದನ್ನು ಜತ್ತಿ ಸಮಿತಿ ಎಂದೇ ಕರೆಯುತ್ತಿದ್ದರು. ಗೇಣಿಗೆ ಮಿತಿ, ಗೇಣಿದಾರನಿಗೆ ಭದ್ರತೆ, ಒಬ್ಬರ ಕೈಯಲ್ಲಿ ಎಷ್ಟು ಭೂಮಿ ಇರಬಹುದು ಎಂಬುದಕ್ಕೆ ಮಿತಿ, ಇವು ಅದರ ಮುಖ್ಯ ಅಂಶಗಳು.

ಉಳುವವನೇ ಹೊಲದೊಡೆಯ ಕಾನೂನು ತಂದವರು ಜತ್ತಿ ಎಂದು ಕೆಲವು ಪೋಸ್ಟ್‌ಗಳು ಹೇಳುತ್ತವೆ. ಅದಕ್ಕೆ ಸ್ವಲ್ಪ ತಿದ್ದುಪಡಿ ಬೇಕು. 1961ರ ಕಾಯ್ದೆಯಲ್ಲಿ ಭೂಮಾಲೀಕರು ಸ್ವಂತ ಸಾಗುವಳಿಯ ಹೆಸರಲ್ಲಿ ಜಮೀನು ವಾಪಸ್ ಪಡೆಯಲು ದಾರಿ ಇತ್ತು. ಭೂಮಿತಿಯೂ ಸಡಿಲವಾಗಿತ್ತು. ಕಾಯ್ದೆ ಜಾರಿಗೆ ಬಂದದ್ದೂ 1965ರ ಅಕ್ಟೋಬರ್ 2ರಂದು. ಅಷ್ಟರಲ್ಲಿ ಎಷ್ಟೋ ಜಮೀನು ಕಾಗದದ ಮೇಲೆ ಹಂಚಿಹೋಗಲು ಸಮಯ ಸಿಕ್ಕಿತ್ತು. ಗೇಣಿ ಪದ್ಧತಿಗೆ ದೊಡ್ಡ ಪೆಟ್ಟು ಬಿದ್ದದ್ದು 1974ರಲ್ಲಿ, ದೇವರಾಜ ಅರಸು ಸರ್ಕಾರದ ತಿದ್ದುಪಡಿ ಮತ್ತು ಭೂ ನ್ಯಾಯಮಂಡಳಿಗಳ ಮೂಲಕ. ಆದರೆ ಅರಸು ತಿದ್ದಿದ್ದು ಇದೇ 1961ರ ಕಾಯ್ದೆಯನ್ನು. ಜತ್ತಿ ಕಾಲದ್ದು ಬುನಾದಿ, ಅರಸು ಕಾಲದ್ದು ಗೋಡೆ. ಇಬ್ಬರಲ್ಲಿ ಒಬ್ಬರ ಹೆಸರು ಬಿಟ್ಟರೂ ಕಥೆ ಅರ್ಧವಾಗುತ್ತದೆ.

ಕುರ್ಚಿ ಹೋದ ಮೇಲೆ

1962ರ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಿತು. ಜತ್ತಿಯವರೂ ಜಮಖಂಡಿಯಲ್ಲಿ ಗೆದ್ದರು. ಆದರೆ ಮುಖ್ಯಮಂತ್ರಿ ಪಟ್ಟ ಮತ್ತೆ ಅವರಿಗೆ ಬರಲಿಲ್ಲ. ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತಿದ್ದರಿಂದ ಹುನಗುಂದ ಕಡೆಯ ಎಸ್.ಆರ್. ಕಂಠಿ ಕೆಲವು ತಿಂಗಳು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪ ಬಾಗಲಕೋಟೆಯಿಂದ ಆರಿಸಿಬಂದ ಮೇಲೆ ಕಂಠಿ ಜಾಗ ಬಿಟ್ಟುಕೊಟ್ಟರು. ಇಂದಿನ ಬಾಗಲಕೋಟೆ ಜಿಲ್ಲೆ ಒಂದೇ ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳ ಕಥೆಯಲ್ಲಿ ಹೀಗೆ ಸೇರಿಕೊಂಡಿತು.

ಇಲ್ಲಿ ಜತ್ತಿಯವರ ಸ್ವಭಾವ ಕಾಣುತ್ತದೆ. ನಾಲ್ಕು ವರ್ಷ ಮುಖ್ಯಮಂತ್ರಿಯಾಗಿದ್ದವರು ನಿಜಲಿಂಗಪ್ಪ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿ ಕೆಲಸ ಮಾಡಲು ಒಪ್ಪಿಕೊಂಡರು. ಮುಂದೆ ಆಹಾರ ಖಾತೆಯನ್ನೂ ನೋಡಿಕೊಂಡರು. 1967ರಲ್ಲಿ ಮತ್ತೆ ಜಮಖಂಡಿಯಿಂದಲೇ ಗೆದ್ದರು.

ಇದೇ ದಿನಗಳಲ್ಲಿ, 1964ರಲ್ಲಿ, ಅವರು ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದರು. ಬಸವಣ್ಣ ಮತ್ತು ಶರಣರ ವಚನಗಳನ್ನು ಕನ್ನಡದಲ್ಲಿಯೂ ಬೇರೆ ಭಾಷೆಗಳಲ್ಲಿಯೂ ಪ್ರಕಟಿಸಿ ಹರಡುವುದು ಅದರ ಕೆಲಸ. ಅವರ ಹುದ್ದೆಗಳೆಲ್ಲ ಬಂದವು, ಹೋದವು. ಈ ಸಂಸ್ಥೆ ಮಾತ್ರ ಅವರ ನಂತರವೂ ನಡೆದುಕೊಂಡು ಬಂದಿದೆ.

1968ರಲ್ಲಿ ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್ ಆಗಿ ಹೋದರು. 1972ರ ನವೆಂಬರ್‌ನಲ್ಲಿ ಒಡಿಶಾದ ರಾಜ್ಯಪಾಲರಾದರು. ಅಲ್ಲಿ ಒಂದು ವಿವಾದ ಎದುರಾಯಿತು. 1973ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ನಂದಿನಿ ಸತ್ಪತಿ ರಾಜೀನಾಮೆ ಕೊಟ್ಟರು. ವಿರೋಧ ಪಕ್ಷದ ಬಿಜು ಪಟ್ನಾಯಕ್ ತಮಗೆ ಬಹುಮತ ಇದೆ, ಸರ್ಕಾರ ಮಾಡಲು ಬಿಡಿ ಎಂದು ಕೇಳಿದರು. ಜತ್ತಿಯವರು ಅವಕಾಶ ಕೊಡದೆ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ವಿಷಯ ಹೈಕೋರ್ಟ್‌ವರೆಗೆ ಹೋಯಿತು. ಕೋರ್ಟ್ ಆ ಆದೇಶವನ್ನು ರದ್ದು ಮಾಡಲಿಲ್ಲ. ಆದರೆ ದೆಹಲಿಯ ಪಕ್ಷಕ್ಕೆ ಅನುಕೂಲ ಮಾಡಿಕೊಟ್ಟರು ಎಂಬ ಟೀಕೆ ಉಳಿದುಕೊಂಡಿತು. ಹೊಗಳುವ ಫಾರ್ವರ್ಡ್‌ಗಳಲ್ಲಿ ಈ ಘಟನೆ ಇರುವುದಿಲ್ಲ. ಅವರ ಬದುಕು ಪೂರ್ತಿ ತಿಳಿಯಬೇಕೆಂದರೆ ಇದೂ ಗೊತ್ತಿರಬೇಕು.

1974ರ ಆಗಸ್ಟ್‌ನಲ್ಲಿ ಉಪರಾಷ್ಟ್ರಪತಿ ಚುನಾವಣೆ ನಡೆಯಿತು. ಜತ್ತಿಯವರಿಗೆ 521 ಮತ, ಎದುರಾಳಿ ನಿರಲ್ ಎನೆಮ್ ಹೋರೊ ಅವರಿಗೆ 141 ಮತ. ಸಾವಳಗಿಯ ಕಿರಾಣಿ ವ್ಯಾಪಾರಿಯ ಮಗ ದೇಶದ ಎರಡನೇ ಅತಿ ದೊಡ್ಡ ಹುದ್ದೆಗೆ ಏರಿದರು.

ಹೇಳಿಕೆ: ತುರ್ತು ಪರಿಸ್ಥಿತಿಗೆ ಸಹಿ ಹಾಕಿದವರು ಜತ್ತಿ

ಇದು ಪೂರ್ತಿ ತಪ್ಪು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಗೆ ಸಹಿ ಹಾಕಿದವರು ಆಗಿನ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್. ಜತ್ತಿ ಆಗ ಉಪರಾಷ್ಟ್ರಪತಿ. ಆ ಘೋಷಣೆಯಲ್ಲಿ ಉಪರಾಷ್ಟ್ರಪತಿಯ ಸಹಿಗೆ ಜಾಗವೇ ಇಲ್ಲ.

ಹಾಗೆಂದು ಅವರು ದೂರ ನಿಂತು ನೋಡುತ್ತಿದ್ದರು ಎಂದೂ ಹೇಳುವಂತಿಲ್ಲ. ಉಪರಾಷ್ಟ್ರಪತಿಯೇ ರಾಜ್ಯಸಭೆಯ ಸಭಾಪತಿ. ವಿರೋಧ ಪಕ್ಷದ ಅನೇಕ ಸದಸ್ಯರು ಜೈಲಿನಲ್ಲಿದ್ದ ಆ ದಿನಗಳಲ್ಲಿ ಸಂವಿಧಾನದ 42ನೇ ತಿದ್ದುಪಡಿಯಂಥ ದೊಡ್ಡ ಮಸೂದೆಗಳು ಆ ಸದನದಲ್ಲೂ ಅಂಗೀಕಾರವಾದವು. ಈ ತಿದ್ದುಪಡಿಯೇ ಮುಂದೆ ಜತ್ತಿಯವರ ಕೈ ಕಟ್ಟಿಹಾಕುತ್ತದೆ.

ಹೇಳಿಕೆ: ಜತ್ತಿ ಭಾರತದ ಆರನೇ ರಾಷ್ಟ್ರಪತಿ

ಇದು ಅರ್ಧ ಸತ್ಯ. 1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಸಂವಿಧಾನದ 65ನೇ ವಿಧಿ ಪ್ರಕಾರ ಹೀಗಾದಾಗ ಉಪರಾಷ್ಟ್ರಪತಿ ತಾನಾಗಿಯೇ ರಾಷ್ಟ್ರಪತಿಯ ಕೆಲಸ ವಹಿಸಿಕೊಳ್ಳಬೇಕು. 62ನೇ ವಿಧಿ ಪ್ರಕಾರ ಆರು ತಿಂಗಳೊಳಗೆ ಹೊಸ ಚುನಾವಣೆ ನಡೆಯಬೇಕು. ಜತ್ತಿಯವರು ಅಂದಿನಿಂದ ಜುಲೈ 25ರವರೆಗೆ, ಸುಮಾರು ಐದೂವರೆ ತಿಂಗಳು ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಆನಂತರ ಚುನಾಯಿತರಾಗಿ ಬಂದ ನೀಲಂ ಸಂಜೀವ ರೆಡ್ಡಿಯವರೇ ಪಟ್ಟಿಯಲ್ಲಿ ಆರನೆಯವರು. ಹಂಗಾಮಿಗಳಿಗೆ ಆ ಪಟ್ಟಿಯಲ್ಲಿ ಕ್ರಮಸಂಖ್ಯೆ ಕೊಡುವುದಿಲ್ಲ.

ತಂಗಿ ಹೇಳಿದ್ದು ಸರಿ. ಆದರೆ ಕಾಕಾ ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಹಂಗಾಮಿ ಎಂಬ ಪದ ಕೇಳಿದರೆ ನಮಗೆ ರಜೆ ಹಾಕಿದ ಮೇಷ್ಟ್ರ ಬದಲಿಗೆ ಬಂದವರ ನೆನಪಾಗುತ್ತದೆ. ಇಲ್ಲಿ ಹಾಗಲ್ಲ. ಹಂಗಾಮಿ ರಾಷ್ಟ್ರಪತಿಯೂ ಅದೇ ಪ್ರಮಾಣವಚನ ತೆಗೆದುಕೊಳ್ಳುತ್ತಾರೆ. ಆ ಅವಧಿಯಲ್ಲಿ ಅವರಿಗೆ ರಾಷ್ಟ್ರಪತಿಯ ಎಲ್ಲ ಅಧಿಕಾರವೂ ಇರುತ್ತದೆ. ಜತ್ತಿಗಿಂತ ಮೊದಲು 1969ರಲ್ಲಿ ಜಾಕಿರ್ ಹುಸೇನ್ ತೀರಿಕೊಂಡಾಗ ವಿ.ವಿ. ಗಿರಿ, ಅವರ ಬೆನ್ನಿಗೆ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಹೀಗೆ ಹಂಗಾಮಿಯಾಗಿದ್ದರು.

ಹೇಳಿಕೆ: ಜತ್ತಿ ಒಂದೇ ಸಹಿಯಲ್ಲಿ ತುರ್ತು ಪರಿಸ್ಥಿತಿ ಕಿತ್ತೆಸೆದರು

ಸಹಿ ಅವರದೇ, ಆದರೆ ತೀರ್ಮಾನ ಅವರೊಬ್ಬರದಲ್ಲ. 1977ರ ಮಾರ್ಚ್ ಚುನಾವಣೆಯಲ್ಲಿ ಇಂದಿರಾ ಗಾಂಧಿ ಮತ್ತು ಅವರ ಪಕ್ಷ ಸೋತಿತು. ಮಾರ್ಚ್ 21ರಂದು ಇಂದಿರಾ ಸಂಪುಟದ ಸಲಹೆಯಂತೆ ಹಂಗಾಮಿ ರಾಷ್ಟ್ರಪತಿ ಜತ್ತಿ 1975ರ ಘೋಷಣೆಯನ್ನು ಹಿಂಪಡೆದರು.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಆಗ ದೇಶದಲ್ಲಿ ಒಂದಲ್ಲ, ಎರಡು ತುರ್ತು ಪರಿಸ್ಥಿತಿಗಳು ಜಾರಿಯಲ್ಲಿದ್ದವು. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನ ಯುದ್ಧದ ವೇಳೆ ಘೋಷಿಸಿದ್ದನ್ನು ತೆಗೆದೇ ಇರಲಿಲ್ಲ. ಅದನ್ನು ಹಿಂಪಡೆದದ್ದು ಮಾರ್ಚ್ 27ರಂದು, ಹೊಸ ಸರ್ಕಾರದ ಸಲಹೆಯ ಮೇಲೆ. ಒಂದು ವಾರದೊಳಗೆ ಎರಡು ಬೇರೆ ಬೇರೆ ಸರ್ಕಾರಗಳ ಸಲಹೆಯಂತೆ ಎರಡು ತುರ್ತು ಪರಿಸ್ಥಿತಿಗಳು ಹೋದವು. ಎರಡೂ ಹೋದದ್ದು ಜತ್ತಿಯವರು ಆ ಹುದ್ದೆಯಲ್ಲಿದ್ದಾಗ.

ನಡುವೆ ಮಾರ್ಚ್ 24ರಂದು ಕಾಂಗ್ರೆಸ್ಸೇತರ ಮೊದಲ ಪ್ರಧಾನಿ ಪ್ರಮಾಣವಚನ ಸ್ವೀಕರಿಸಿದರು. ಅವರೇ ಮೊರಾರ್ಜಿ ದೇಸಾಯಿ. 1952ರಲ್ಲಿ ಅವರ ಕೈಕೆಳಗೆ ಉಪಮಂತ್ರಿಯಾಗಿದ್ದ ಜತ್ತಿ ಈಗ ಅವರಿಗೆ ಪ್ರಮಾಣವಚನ ಬೋಧಿಸಿದರು.

ಸಹಿ ತಡವಾದ ಆ ದಿನ

ನಿಜವಾದ ಪರೀಕ್ಷೆ ಬಂದದ್ದು ಏಪ್ರಿಲ್‌ನಲ್ಲಿ. ಜನತಾ ಸರ್ಕಾರ ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಿತು. ಲೋಕಸಭೆ ಚುನಾವಣೆಯಲ್ಲಿ ಅಲ್ಲಿನ ಜನ ಕಾಂಗ್ರೆಸ್ಸನ್ನು ತಿರಸ್ಕರಿಸಿದ್ದಾರೆ, ಹಾಗಾಗಿ ಆ ಸರ್ಕಾರಗಳು ಜನರ ವಿಶ್ವಾಸ ಕಳೆದುಕೊಂಡಿವೆ ಎಂಬುದು ಕೇಂದ್ರದ ವಾದ. ರಾಜ್ಯಗಳು ಸುಪ್ರೀಂ ಕೋರ್ಟ್‌ಗೆ ಹೋದವು. ಏಪ್ರಿಲ್ 29ರಂದು ಕೋರ್ಟ್ ಅವುಗಳ ಅರ್ಜಿ ತಿರಸ್ಕರಿಸಿತು.

ಸಂಪುಟದ ಸಲಹೆ ರಾಷ್ಟ್ರಪತಿ ಭವನಕ್ಕೆ ಹೋಯಿತು. ಆದರೆ ಸಹಿ ತಕ್ಷಣ ಬೀಳಲಿಲ್ಲ. ಆರಿಸಿಬಂದ ಸಭೆಗಳನ್ನು ಹೀಗೆ ಒಟ್ಟಿಗೆ ಕೆಡವುವ ಬಗ್ಗೆ ಜತ್ತಿಯವರಿಗೆ ಅಳುಕಿತ್ತು. ದೆಹಲಿಯಲ್ಲಿ ಗದ್ದಲವೆದ್ದಿತು. ಹಳೆಯ ಪಕ್ಷದ ಋಣ ತೀರಿಸುತ್ತಿದ್ದಾರೆ ಎಂದು ಒಂದು ಗುಂಪು, ಒಕ್ಕೂಟ ವ್ಯವಸ್ಥೆ ಉಳಿಸುತ್ತಿದ್ದಾರೆ ಎಂದು ಇನ್ನೊಂದು ಗುಂಪು ಮಾತಾಡಿತು. ನಾಲ್ಕು ವರ್ಷದ ಹಿಂದೆ ಒಡಿಶಾದಲ್ಲಿ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದ್ದೂ ಇವರೇ. ಈಗಿನ ಒಂಬತ್ತು ರಾಜ್ಯಗಳ ಪಟ್ಟಿಯಲ್ಲಿ ಒಡಿಶಾವೂ ಇತ್ತು.

ಅವರಿಗಿದ್ದ ದಾರಿ ಕಿರಿದಾಗಿತ್ತು. 42ನೇ ತಿದ್ದುಪಡಿಯ ನಂತರ ಸಂಪುಟದ ಸಲಹೆಯಂತೆ ರಾಷ್ಟ್ರಪತಿ ನಡೆದುಕೊಳ್ಳಲೇಬೇಕು ಎಂದು ಸಂವಿಧಾನದಲ್ಲಿ ಸ್ಪಷ್ಟವಾಗಿ ಬರೆದಾಗಿತ್ತು. ಮರುದಿನ, ಏಪ್ರಿಲ್ 30ರಂದು ಅವರು ಸಹಿ ಹಾಕಿದರು. ಒಂಬತ್ತು ವಿಧಾನಸಭೆಗಳು ವಿಸರ್ಜನೆಯಾದವು.

ಮುಂದೆ 1978ರ 44ನೇ ತಿದ್ದುಪಡಿ ಈ ನಿಯಮವನ್ನು ಸ್ವಲ್ಪ ಸಡಿಲಿಸಿತು. ಸಂಪುಟದ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅಧಿಕಾರ ರಾಷ್ಟ್ರಪತಿಗೆ ಸಿಕ್ಕಿತು. ವಾಪಸ್ ಬಂದರೆ ಸಹಿ ಹಾಕಲೇಬೇಕು. 1977ರ ಏಪ್ರಿಲ್‌ನಲ್ಲಿ ಆ ಒಂದು ಅವಕಾಶವೂ ಜತ್ತಿಯವರಿಗೆ ಇರಲಿಲ್ಲ.

ಜತ್ತಿ ಮಾಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆದರೆ ರಾಷ್ಟ್ರಪತಿಯ ಸಹಿ ಎಷ್ಟು ದೊಡ್ಡದು, ಅದರ ಹಿಂದಿನ ಸ್ವಾತಂತ್ರ್ಯ ಎಷ್ಟು ಚಿಕ್ಕದು ಎಂದು ಆ ಒಂದು ದಿನದ ತಡ ತೋರಿಸಿಕೊಟ್ಟಿತು. ಒಂದೇ ಸಹಿಯಲ್ಲಿ ಕಿತ್ತೆಸೆದರು ಎಂಬ ಫಾರ್ವರ್ಡ್ ಈ ವ್ಯತ್ಯಾಸವನ್ನೇ ಅಳಿಸಿಬಿಡುತ್ತದೆ. ಒಳ್ಳೆಯದನ್ನು ಸಹಿ ಹಾಕಿದವರ ಲೆಕ್ಕಕ್ಕೇ ಬರೆದರೆ, ಕೆಟ್ಟದ್ದನ್ನೂ ಅವರ ಲೆಕ್ಕಕ್ಕೇ ಬರೆಯಬೇಕಾಗುತ್ತದೆ. ಕಾಕಾನ ಪೋಸ್ಟ್ ಮತ್ತು ಅದರ ತದ್ವಿರುದ್ಧ ಪೋಸ್ಟ್ ಎರಡೂ ಎಡವಿದ್ದು ಇಲ್ಲೇ.

ಕೊನೆಯ ದಿನಗಳು

1977ರ ಜುಲೈ 25ರಂದು ಸಂಜೀವ ರೆಡ್ಡಿ ಅಧಿಕಾರ ವಹಿಸಿಕೊಂಡ ಮೇಲೆ ಜತ್ತಿ ಮತ್ತೆ ಉಪರಾಷ್ಟ್ರಪತಿಯ ಕೆಲಸಕ್ಕೆ ಮರಳಿದರು. 1979ರ ಆಗಸ್ಟ್‌ನಲ್ಲಿ ಅವಧಿ ಮುಗಿಯಿತು. ಆಮೇಲಿನ ವರ್ಷಗಳನ್ನು ಬಸವ ಸಮಿತಿಯ ಕೆಲಸದಲ್ಲಿ ಕಳೆದರು. ತಮಗೆ ತಾವೇ ಮಾದರಿ ಎಂಬ ಅರ್ಥದ ಹೆಸರಿಟ್ಟು ಆತ್ಮಕಥೆಯನ್ನೂ ಬರೆದರು. ಹಳೆಯ ವಿಜಾಪುರ ಜಿಲ್ಲೆ ಒಡೆದು 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದದ್ದನ್ನೂ ಅವರು ನೋಡಿದರು. 2002ರ ಜೂನ್ 7ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಒಂದೇ ಬದುಕಿನಲ್ಲಿ ಸಂಸ್ಥಾನದ ಪ್ರಜೆ, ಅದೇ ಸಂಸ್ಥಾನದ ದಿವಾನ, ಮುಂಬಯಿಯ ಉಪಮಂತ್ರಿ, ಮೈಸೂರಿನ ಮುಖ್ಯಮಂತ್ರಿ, ಗಣರಾಜ್ಯದ ಹಂಗಾಮಿ ರಾಷ್ಟ್ರಪತಿ. ಇದಕ್ಕೆ ಉಪ್ಪು ಖಾರ ಹಚ್ಚುವ ಅಗತ್ಯವೇ ಇಲ್ಲ.

ಮುಂದಿನ ಸಲ ಇಂಥ ಪೋಸ್ಟ್ ಬಂದರೆ

ಮೂರು ಪ್ರಶ್ನೆ ಕೇಳಿಕೊಳ್ಳಿ. ಆ ದಿನಾಂಕದಂದು ಆ ವ್ಯಕ್ತಿ ಯಾವ ಹುದ್ದೆಯಲ್ಲಿದ್ದರು? ಆ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಆ ಹುದ್ದೆಗೆ ಇತ್ತೇ? ಪೋಸ್ಟ್‌ನಲ್ಲಿ ಹೊಗಳಿಕೆ ಅಥವಾ ಬೈಗುಳ ಬಿಟ್ಟು ಬೇರೆ ಏನಾದರೂ ಇದೆಯೇ? ಇಷ್ಟಕ್ಕೇ ಅರ್ಧಕ್ಕರ್ಧ ಸುಳ್ಳುಗಳು ಸಿಕ್ಕಿಬೀಳುತ್ತವೆ.

ಶೇರ್ ಮಾಡಲೇಬೇಕು ಎನಿಸಿದರೆ ಕೆಳಗಿನ ಸಾಲುಗಳನ್ನು ಕಾಪಿ ಮಾಡಿಕೊಳ್ಳಿ. ನಮ್ಮ ಗ್ರೂಪ್‌ನಲ್ಲಿ ಈಗ ಕಾಕಾ ಇದನ್ನೇ ಹಾಕುತ್ತಾರೆ.

ಬಸಪ್ಪ ದಾನಪ್ಪ ಜತ್ತಿ (1912–2002), ಜಮಖಂಡಿ ತಾಲೂಕಿನ ಸಾವಳಗಿಯವರು. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಿಂದ 1979ರವರೆಗೆ ಭಾರತದ ಉಪರಾಷ್ಟ್ರಪತಿ, 1977ರ ಫೆಬ್ರುವರಿ 11ರಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿ. 1975ರ ತುರ್ತು ಪರಿಸ್ಥಿತಿ ಘೋಷಣೆಗೆ ಸಹಿ ಹಾಕಿದವರು ಇವರಲ್ಲ. 1977ರಲ್ಲಿ ಸಂಪುಟದ ಸಲಹೆಯಂತೆ ಅದನ್ನು ಹಿಂಪಡೆದ ಆದೇಶ ಇವರದು.